ಮೂಗರ್ಜಿ ಮತ್ತು ಅಂಕಿತ

ನಮ್ಮ ಹೊಳೆಆಲೂರಿನ ಮಗ್ಗುಲಿಗೆ ಹರಿಯುವ ಮಲಪ್ರಭೆ ಮುಂದೆ ಪಟ್ಟದಕಲ್ಲು, ಐಹೊಳೆಗಳನ್ನು ದಾಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುತ್ತಾಳೆ. ಆ ಸಂಗಮದ ದೇವರ ಹೆಸರನ್ನೇ ಬಸವಣ್ಣ ತನ್ನ ವಚನಗಳಿಗೆ ಅಂಕಿತ ಮಾಡಿಕೊಂಡ. ಮಾತಿನ ಕೊನೆಗೆ ತನ್ನ ಹೆಸರು ಹಾಕಲಿಲ್ಲ. ಹಾಗೆಂದು ಅವನ ವಚನಗಳನ್ನು ಯಾರೂ ಹೆಸರಿಲ್ಲದ ಮಾತು ಎನ್ನುವುದಿಲ್ಲ. ಹೆಸರು ಮುಚ್ಚಿಟ್ಟು ಆಡಿದ ಮಾತಿಗೂ ಹೆಸರು ಬಿಟ್ಟುಕೊಟ್ಟು ಆಡಿದ ಮಾತಿಗೂ ಇರುವ ಈ ಅಂತರ ನನ್ನನ್ನು ಕಾಡುವುದಕ್ಕೆ ಒಂದು ಹಳೆಯ ಕಾರಣವಿದೆ.

ನಾನು ಚಿಕ್ಕವನಿದ್ದಾಗ ನಮ್ಮ ಕಡೆಯ ಒಂದು ಸಂಘದ ಮೇಲೆ ಮೂಗರ್ಜಿ ಹೋಗಿತ್ತು. ರೈತರ ಹೆಸರುಕಾಳು ತೂಗುವ ತಕ್ಕಡಿ ಸರಿಯಿಲ್ಲ ಎಂಬುದಷ್ಟೇ ಅದರ ಒಕ್ಕಣೆ. ನಮ್ಮಪ್ಪ ಅಲ್ಲಿ ಗುಮಾಸ್ತರು. ವಾರಗಟ್ಟಲೆ ಊರಲ್ಲಿ ಒಂದೇ ಮಾತು: "ಯಾರ್ ಬರದಾರ?" ಅಕ್ಷರ ಹೋಲಿಸಿದರು, ಮಸಿ ನೋಡಿದರು, ಅಂಚೆ ಮುದ್ರೆ ಓದಿದರು. ಕೊನೆಗೆ ಒಬ್ಬ ಮುದುಕನ ಮೇಲೆ ಗುಮಾನಿ ಬಂದು, ಅವನ ಜೊತೆ ಮಾತು ಬಿಟ್ಟರು. ನಮ್ಮಪ್ಪನೂ ಬಿಟ್ಟರು. ತಕ್ಕಡಿಯನ್ನು ಮಾತ್ರ ಯಾರೂ ಮುಟ್ಟಿ ನೋಡಲಿಲ್ಲ. ಅಪ್ಪ ಸಾಯುವ ಮುಂಚಿನ ವರ್ಷ ನಾನೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಬೇಕಿತ್ತಪಾ" ಅಂದರು.

ಮೂಗರ್ಜಿಯಲ್ಲಿ ವಿಷವಿರುತ್ತದೆ, ನಿಜ. ಎಷ್ಟೋ ಮಾಸ್ತರರು, ಎಷ್ಟೋ ಹೆಣ್ಣುಮಕ್ಕಳು ಅದರಿಂದ ನೊಂದಿದ್ದಾರೆ. ಆದರೆ ಊರಿನ ದೊಡ್ಡವರ ಹೊಲದಲ್ಲಿ ಕೂಲಿ ಮಾಡುವವನಿಗೆ ಸಹಿ ಹಾಕಿ ದೂರುವ ಧೈರ್ಯ ಎಲ್ಲಿಂದ ಬರಬೇಕು? ಹೆಸರು ಹೇಳು ಎಂಬ ಒತ್ತಾಯ ಎಲ್ಲರ ಮೇಲೂ ಒಂದೇ ತೂಕದಲ್ಲಿ ಬೀಳುವುದಿಲ್ಲ.

ವಚನಕಾರರ ಅಂಕಿತವನ್ನು ಈ ಹಿನ್ನೆಲೆಯಲ್ಲಿ ಓದಬೇಕು. ಅಂಕಿತ ಮುಖವಾಡವಲ್ಲ, ವಿಳಾಸ. ಗುಹೇಶ್ವರ ಎಂದರೆ ಅಲ್ಲಮ, ಚೆನ್ನಮಲ್ಲಿಕಾರ್ಜುನ ಎಂದರೆ ಅಕ್ಕ. ಜೀವಮಾನವೆಲ್ಲ ಒಂದೇ ಅಂಕಿತ. ನಿನ್ನೆಯ ಮಾತಿಗೆ ಇಂದು ಉತ್ತರ ಕೊಡಬೇಕಾದ ಹೊಣೆ ಅದರಲ್ಲಿದೆ. ಸ್ವಂತ ಹೆಸರು ಅಳಿದು ಅಂಕಿತ ಮಾತ್ರ ಉಳಿದ ವಚನಕಾರರೂ ಇದ್ದಾರೆ. ಅವರ ಮಾತನ್ನು ನಾವು ಕಡೆಗಣಿಸಿಲ್ಲ. ಆಯ್ದಕ್ಕಿ ಲಕ್ಕಮ್ಮನ ಅಂಕಿತ 'ಮಾರಯ್ಯಪ್ರಿಯ ಅಮರೇಶ್ವರಲಿಂಗ'. ಗಂಡನ ಹೆಸರು ಅದರಲ್ಲೇ ಇದೆ. ಅದೇ ಅಂಕಿತದಲ್ಲಿ ಅವಳು, ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಗಂಡನನ್ನು ತಿದ್ದುತ್ತಾಳೆ, ಹೆಚ್ಚಿನದನ್ನು ವಾಪಸು ಸುರಿದು ಬಾ ಎನ್ನುತ್ತಾಳೆ. ಹೆಸರಿನ ಆಶ್ರಯ ಬೇರೆ, ಮಾತಿನ ಸ್ವಾತಂತ್ರ್ಯ ಬೇರೆ.

ಇನ್ನು ಸಭ್ಯತೆಯ ಪ್ರಶ್ನೆ. ವಚನಕಾರರಲ್ಲಿ ಅತ್ಯಂತ ಬಿರುಸಿನ ಬಾಯಿ ಅಂಬಿಗರ ಚೌಡಯ್ಯನದು. ಬೈಗುಳಕ್ಕೆ ಅವನು ಹೇಸಿದವನಲ್ಲ. ಆದರೆ ಅವನ ಅಂಕಿತ ಯಾವ ದೇವರ ಹೆಸರೂ ಅಲ್ಲ. ತನ್ನದೇ ಹೆಸರು, ತನ್ನದೇ ಕಸುಬು. ದೋಣಿ ಹಾಕುವವನು ನಾನು, ಬೈದವನೂ ನಾನೇ, ಬೇಕಾದವರು ಬಂದು ಕೇಳಿ ಎಂಬಂತಿದೆ ಅದು. ಬೈಗುಳವನ್ನು ತೂಗುವಾಗ ಅದರ ಹಿಂದೆ ಆಳು ನಿಂತಿದ್ದಾನೆಯೇ ಎಂದು ನೋಡುವುದು ನ್ಯಾಯ. ದೂರನ್ನು ತೂಗುವಾಗ ಮಾತ್ರ ಅದು ಎರಡನೆಯ ಪ್ರಶ್ನೆ.

'ಶೂನ್ಯಸಂಪಾದನೆ'ಯ ಅಲ್ಲಮನೂ ನಯವಾಗಿ ಮಾತಾಡುವವನಲ್ಲ. ಸೊನ್ನಲಿಗೆಗೆ ಹೋಗಿ ಸಿದ್ಧರಾಮನನ್ನು ಒಡ್ಡನೆಂದು ಕರೆಯುತ್ತಾನೆ, ಕಲ್ಲು ಬೀಳುತ್ತವೆ. ಕಲ್ಯಾಣಕ್ಕೆ ಬಂದ ಅಕ್ಕನನ್ನು ಗಂಡನ ವಿಷಯ, ಕೂದಲಿಂದ ಮೈ ಮುಚ್ಚಿಕೊಂಡ ವಿಷಯ ಎತ್ತಿ ನಿಷ್ಠುರವಾಗಿ ಕೆಣಕುತ್ತಾನೆ. ಆದರೆ ಪ್ರಶ್ನೆ ಕೇಳಿ ಎದ್ದು ಹೋಗುವುದಿಲ್ಲ. ಉತ್ತರ ಕೇಳಲು ಕೂರುತ್ತಾನೆ, ಉತ್ತರ ಸರಿಯಿದ್ದರೆ ತಲೆಬಾಗುತ್ತಾನೆ. ಸಭ್ಯತೆ ಇರುವುದು ಆ ಕೂರುವಿಕೆಯಲ್ಲಿ. ಇಲ್ಲಿ ಒಂದು ಎಚ್ಚರವೂ ಬೇಕು. 12ನೆಯ ಶತಮಾನದ ವಚನಗಳನ್ನು ಸಂಭಾಷಣೆಯಾಗಿ ಪೋಣಿಸಿದವನು 15ನೆಯ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ಆಮೇಲೆ ಇನ್ನೂ ಮೂವರು ಅದನ್ನು ಪರಿಷ್ಕರಿಸಿದರು. ಯಾರ ಮಾತಿಗೆ ಯಾರು ಉತ್ತರಿಸಬೇಕೆಂದು ಗೊತ್ತುಮಾಡಿದ್ದು ಸಂಪಾದಕರು. ಅಂಥ ಸಭೆ ತಾನಾಗಿ ಕೂಡುವುದಿಲ್ಲ, ಯಾರೋ ಕಟ್ಟಬೇಕಾಗುತ್ತದೆ.

ಹೆಸರೇ ನಂಬಿಕೆಯ ಆಧಾರ ಎನ್ನುವವರಿಗೆ ನಂದಳಿಕೆಯ ಮುದ್ದಣ ಒಂದು ತೊಡಕು. ಉಡುಪಿಯ ಶಾಲೆಯೊಂದರಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ಲಕ್ಷ್ಮೀನಾರಣಪ್ಪ ತನ್ನ ಕೃತಿಗಳನ್ನು ಯಾವುದೋ ಹಳೆಯ ಕವಿಯವೆಂದು ಮೈಸೂರಿಗೆ ಕಳಿಸಿದ. ವಿದ್ವಾಂಸರು ಮೆಚ್ಚಿ ಅಚ್ಚು ಹಾಕಿದರು. 1901ರಲ್ಲಿ, ಮೂವತ್ತೊಂದರ ವಯಸ್ಸಿನಲ್ಲಿ ಅವನು ಕ್ಷಯದಿಂದ ತೀರಿಕೊಂಡ. 'ರಾಮಾಶ್ವಮೇಧ' ಅವನದೇ ಎಂದು ಲೋಕಕ್ಕೆ ಖಚಿತವಾದದ್ದು ಆಮೇಲೆ. ಡ್ರಿಲ್ ಮಾಸ್ತರನ ಹೆಸರಿಗೆ ಸಿಗಲಾರದು ಎಂದುಕೊಂಡ ಗೌರವವನ್ನು ಅವನು ಹಳೆಯ ಓಲೆಗರಿಯ ನೆಪದಲ್ಲಿ ಪಡೆಯಬೇಕಾಯಿತು. ಸುಳ್ಳು ಅವನದು, ಆದರೆ ಆ ಸುಳ್ಳನ್ನು ಹೇಳಿಸಿದ ಅಳುಕು ಬರೀ ಅವನದಲ್ಲ.

ಇದಕ್ಕೆ ತಿರುಗುಮುರುಗಾದ ಪ್ರಸಂಗವೂ ನಮ್ಮ ಕಾಲದ್ದೇ. ಮಾತೆ ಮಹಾದೇವಿಯವರು ಬಸವಣ್ಣನ ಅಂಕಿತವನ್ನು 'ಲಿಂಗದೇವ' ಎಂದು ಬದಲಿಸಿ ವಚನಗಳನ್ನು ಪ್ರಕಟಿಸಿದರು. 1998ರಲ್ಲಿ ಸರ್ಕಾರ ಆ ಪುಸ್ತಕವನ್ನು ನಿಷೇಧಿಸಿತು, 2017ರಲ್ಲಿ ಸುಪ್ರೀಂ ಕೋರ್ಟ್ ನಿಷೇಧವನ್ನು ಎತ್ತಿಹಿಡಿಯಿತು. ಇನ್ನೊಬ್ಬರ ಅಂಕಿತ ತಿದ್ದುವುದು ತಪ್ಪೆಂದೇ ನನ್ನ ಎಣಿಕೆ. ಆದರೆ ಪಾಠದ ತಪ್ಪನ್ನು ಪಾಠ ತೋರಿಸಿ ಗೆಲ್ಲಬೇಕಿತ್ತು. ನಿಷೇಧದಿಂದ ಚರ್ಚೆ ತೀರುವುದಿಲ್ಲ, ನಿಲ್ಲುತ್ತದೆ ಅಷ್ಟೆ.

ಯಾರು ಹೇಳಿದರು ಎಂದು ಕೇಳುವ ಹಕ್ಕು ಕೇಳುಗನಿಗೆ ಇದೆ. ಆದರೆ ಆ ಪ್ರಶ್ನೆಗೆ ಉತ್ತರ ಸಿಗದಿದ್ದಾಗಲೂ ಮಾಡಬಹುದಾದ ಒಂದು ಕೆಲಸ ಉಳಿದಿರುತ್ತದೆ. ತಕ್ಕಡಿ ಸರಿಯಿಲ್ಲ ಎಂಬ ಮಾತಿಗೆ ಸಾಕ್ಷಿ ಬರೆದವನ ಹೆಸರಲ್ಲ, ತಕ್ಕಡಿ. ಒಂದು ಸೇರು ಕಾಳು ತಂದು ತೂಗಿದ್ದರೆ ಅರ್ಜಿ ನಿಜವೋ ಸುಳ್ಳೋ ಅರ್ಧ ತಾಸಿನಲ್ಲಿ ತಿಳಿಯುತ್ತಿತ್ತು. ಆ ಮುದುಕ ಬರೆದಿದ್ದನೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವನು ಸತ್ತಾಗ ನಮ್ಮ ಮನೆಯಿಂದ ಯಾರೂ ಮಣ್ಣಿಗೆ ಹೋಗಿರಲಿಲ್ಲ.