ಸಾರಥಿಯ ಪ್ರಶ್ನೆ: ದೂರದರ್ಶನದ ಪ್ರಾತಃಕಾಲದ ಸಂದರ್ಶನಗಳನ್ನು ಕುರಿತು

‘ಸಂದರ್ಶನ’ವೆಂಬ ಶಬ್ದದಲ್ಲಿ ಎರಡು ಅರ್ಥಗಳು ಒಂದರ ಮೇಲೊಂದು ಕುಳಿತಿವೆ. ದೇವರನ್ನೋ ಗುರುಹಿರಿಯರನ್ನೋ ಹೋಗಿ ಕಾಣುವುದು ಅದರ ಹಳೆಯ ಅರ್ಥ. ಅಲ್ಲಿ ಹೋದವನು ಮಾತನಾಡಲೇಬೇಕೆಂಬ ನಿಯಮವಿಲ್ಲ; ಕಂಡರೆ ಸಾಕು, ಕಂಡದ್ದೇ ಫಲ. ವೃತ್ತಪತ್ರಿಕೆಗಳು ಹುಟ್ಟಿದ ಮೇಲೆ, ಹೆಸರಾದವರನ್ನು ಕಂಡು ಪ್ರಶ್ನೆ ಕೇಳಿ ಉತ್ತರವನ್ನು ಬರೆದುಕೊಳ್ಳುವ ಕಾರ್ಯಕ್ಕೂ ಇದೇ ಶಬ್ದವು ಸಂದಿತು. ಹೊಸ ಅರ್ಥವು ಹಳೆಯದನ್ನು ಹೊರದೂಡಲಿಲ್ಲ. ದೂರದರ್ಶನದಲ್ಲಿ ಬೆಳಗಿನ ವಾರ್ತೆಯ ಮಧ್ಯೆ ನಟನಟಿಯರನ್ನು ಕುಳ್ಳಿರಿಸಿ ನಡೆಯಿಸುವ ಮಾತುಕತೆಯಲ್ಲಿ ದರ್ಶನದ ಆಸೆಯೂ ವಿಚಾರಣೆಯ ವೇಷವೂ ಒಟ್ಟಿಗೆ ಕಾಣಿಸಿಕೊಳ್ಳುವುದಕ್ಕೆ ಇದೂ ಒಂದು ಸಾಕ್ಷಿಯೆನ್ನಬಹುದು. ಇಂಥ ಮಾತುಕತೆಗಳು ಆಗಾಗ ಮುರಿದುಬಿದ್ದು ನೋಡುವವರಿಗೇ ಮುಜುಗರವುಂಟಾಗುವುದನ್ನು ಜನರು ವಿನೋದವಾಗಿ ಸವಿಯುತ್ತಾರೆ. ಆದರೆ ಅವು ಮುರಿಯುವ ಜಾಗವು ಯಾವಾಗಲೂ ಬಹುಮಟ್ಟಿಗೆ ಒಂದೇ ಆಗಿರುವುದರಿಂದ, ಸಾಹಿತ್ಯದಲ್ಲಿ ಸಂಭಾಷಣೆಯ ರೂಪವನ್ನು ಅಭ್ಯಾಸ ಮಾಡುವವರಿಗೆ ಇದು ವಿಚಾರಯೋಗ್ಯವಾದ ವಿಷಯವಾಗಿದೆ.

ಇವುಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಅಮೆರಿಕದ ಸ್ಯಾಕ್ರಮೆಂಟೊ ನಗರದ ಬೆಳಗಿನ ಕಾರ್ಯಕ್ರಮವೊಂದರಲ್ಲಿ 2015ನೆಯ ಜುಲೈ ತಿಂಗಳಲ್ಲಿ ನಡೆದ ಪ್ರಸಂಗ. ಇಂಗ್ಲೆಂಡಿನ ನಟಿ ಕಾರಾ ಡೆಲವೀನ್ ಎಂಬಾಕೆ ‘ಪೇಪರ್ ಟೌನ್ಸ್’ ಎಂಬ ಚಲಚ್ಚಿತ್ರದ ಪ್ರಚಾರಕ್ಕಾಗಿ ದೂರದ ಒಂದು ಕೋಣೆಯಲ್ಲಿ ಕುಳಿತು, ಉಪಗ್ರಹದ ಮೂಲಕ ಆ ಊರಿನ ನಿರೂಪಕರೊಡನೆ ಮಾತನಾಡುತ್ತಿದ್ದಳು. ಮೊದಲಿಗೇ ಆಕೆಯ ಹೆಸರನ್ನು ತಪ್ಪಾಗಿ ಉಚ್ಚರಿಸಿದರು. ಆ ಚಿತ್ರವು ಜಾನ್ ಗ್ರೀನ್ ಎಂಬಾತನ ಕಾದಂಬರಿಯನ್ನು ಆಧರಿಸಿದುದು. ಆ ಕಾದಂಬರಿಯನ್ನು ಓದಲು ಆಕೆಗೆ ಬಿಡುವಾಯಿತೇ ಎಂದು ಕೇಳಿದರು. ಆಕೆ, ಕಾದಂಬರಿಯನ್ನೂ ಓದಲಿಲ್ಲ, ಚಿತ್ರದ ಬರಹವನ್ನೂ ಓದಲಿಲ್ಲ, ಬಾಯಿಗೆ ಬಂದುದನ್ನು ಆಡಿದೆನೆಂಬ ಅರ್ಥದಲ್ಲಿ ವ್ಯಂಗ್ಯವಾಗಿ ಉತ್ತರಿಸಿ, ಕೂಡಲೇ ಅದು ಹಾಸ್ಯವೆಂದು ಸೇರಿಸಿದಳು. ನಿರೂಪಕರಿಗೆ ಅದು ರುಚಿಸಲಿಲ್ಲ. ಆಕೆಯಲ್ಲಿ ಉತ್ಸಾಹವು ಸಾಲದೆಂದು ಆಕೆಯ ಮುಖದೆದುರಿಗೇ ಹೇಳಿದರು. ಸ್ವಲ್ಪ ಮಲಗಿ ಏಳಲೆಂದು ಹಾರೈಸಿ ಸಂಪರ್ಕವನ್ನು ಕಡಿದರು. ಕಡಿದ ಮೇಲೆ ಆಕೆಯ ವರ್ತನೆಯನ್ನು ತಮ್ಮತಮ್ಮಲ್ಲಿ ವಿಮರ್ಶಿಸಿಕೊಂಡರು.

ಆ ಪ್ರಶ್ನೆಯನ್ನು ಒಂದಿಷ್ಟು ಬಿಡಿಸಿ ನೋಡಬೇಕು. ಕಾದಂಬರಿಯನ್ನು ಆಧರಿಸಿದ ಚಿತ್ರದ ನಾಯಿಕೆಯನ್ನು, ಅದನ್ನು ಓದಲು ಬಿಡುವಾಯಿತೇ ಎಂದು ಕೇಳುವವನಿಗೆ ಬೇಕಾದುದು ವಿಷಯವಲ್ಲ, ಒಪ್ಪಿಗೆ. “ಓದಿದೆ, ಬಹಳ ಹಿಡಿಸಿತು” ಎಂಬ ಉತ್ತರವು ಪ್ರಶ್ನೆಯೊಳಗೇ ಸಿದ್ಧವಾಗಿದೆ. ಅದನ್ನು ಆಕೆಯ ಬಾಯಿಂದ ಹೊರಡಿಸುವುದಷ್ಟೇ ಬಾಕಿ. ಬೇರೆ ಉತ್ತರಕ್ಕೆ ಎಡೆಯಿಲ್ಲದ ಕಡೆ ಬೇರೆ ಉತ್ತರವು ಬಂದುದರಿಂದ ಇಡೀ ಮನೆಯೇ ಅಲುಗಾಡಿತು. ಇಷ್ಟರಿಂದ ನಟಿಯು ನಿರ್ದೋಷಿಯೆಂದು ತೀರ್ಮಾನಿಸಬೇಕಾಗಿಲ್ಲ. ಪ್ರಚಾರದ ಕೆಲಸವನ್ನು ಒಪ್ಪಿಕೊಂಡು ಬಂದವಳು ಪ್ರಚಾರದ ಮಾತನ್ನು ತಿರಸ್ಕರಿಸುವುದರಲ್ಲಿ ಒಂದು ಬಗೆಯ ಸುಲಭವಾದ ಶೌರ್ಯವಿದೆ. ಆದರೂ ಪ್ರಶ್ನೆಯ ಟೊಳ್ಳುತನವು ಎಲ್ಲರ ಕಣ್ಣಿಗೆ ಬಿದ್ದುದು ಆಕೆಯ ವ್ಯಂಗ್ಯದಿಂದಲೇ. ವಿಧೇಯವಾದ ಉತ್ತರವು ಬಂದಿದ್ದರೆ ಆ ಸಂದರ್ಶನವನ್ನು ಈ ಹೊತ್ತು ಯಾರೂ ನೆನೆಯುತ್ತಿರಲಿಲ್ಲ.

ಇದು ವ್ಯಕ್ತಿಗಳ ಸ್ವಭಾವದೋಷವಲ್ಲವೆನ್ನುವುದಕ್ಕೆ ಇಂಥ ಸಂದರ್ಶನಗಳು ತಯಾರಾಗುವ ಕ್ರಮವೇ ಸಾಕು. ಚಿತ್ರವನ್ನು ನಿರ್ಮಿಸಿದ ಸಂಸ್ಥೆಯು ನಟರನ್ನು ಒಂದು ಕೋಣೆಯಲ್ಲಿ ಕುಳ್ಳಿರಿಸುತ್ತದೆ. ಒಂದೊಂದು ಊರಿನ ಕೇಂದ್ರಕ್ಕೂ ಕೆಲವೇ ನಿಮಿಷಗಳಂತೆ ಬೆಳಗಿನಿಂದ ಹಲವು ಸಂದರ್ಶನಗಳು ಒಂದರ ಹಿಂದೊಂದು ಸಾಗುತ್ತವೆ. ಕೇಳುವವನಿಗೆ ಇದು ಆ ದಿನದ ಮೊದಲನೆಯ ಸಂದರ್ಶನ. ಹೇಳುವವನಿಗೆ ಹತ್ತನೆಯದೋ ಇಪ್ಪತ್ತನೆಯದೋ. ಇಂಥಲ್ಲಿ ಕೇಳುವವನಿಗೆ ಎದುರಿಗಿರುವವನು ಯಾರೆಂಬುದೂ ಕೆಲವೊಮ್ಮೆ ಅನಾವಶ್ಯಕವಾಗುತ್ತದೆ. 2014ರ ಫೆಬ್ರವರಿಯಲ್ಲಿ ಲಾಸ್ ಏಂಜಲೀಸಿನ ಬೆಳಗಿನ ವಾರ್ತೆಯಲ್ಲಿ ಸ್ಯಾಮ್ ರೂಬಿನ್ ಎಂಬ ನಿರೂಪಕನು ನಟ ಸ್ಯಾಮ್ಯುಯೆಲ್ ಜಾಕ್ಸನ್ನನನ್ನು ಇನ್ನೊಬ್ಬ ಕರಿಯ ನಟನಾದ ಲಾರೆನ್ಸ್ ಫಿಶ್‌ಬರ್ನನೆಂದು ಭ್ರಮಿಸಿ ಪ್ರಶ್ನಿಸಿದನು. ಜಾಕ್ಸನ್ನನು ಅದನ್ನು ಸುಮ್ಮನೆ ಬಿಡದೆ, ತಾವೆಲ್ಲರೂ ಒಂದೇ ರೀತಿ ಕಾಣುವವರಲ್ಲವೆಂದು ಹೇಳಿ ಅಲ್ಲಿಯೇ ಛೀಮಾರಿ ಹಾಕಿದನು. ರೂಬಿನ್ನನು ಕ್ಷಮೆ ಬೇಡಿದನು. ಇದಕ್ಕಿಂತಲೂ ವಿಚಿತ್ರವಾದುದು ಲಂಡನ್ನಿನ ಬಿ.ಬಿ.ಸಿ.ಯಲ್ಲಿ 2006ನೆಯ ಮೇ 8ರಂದು ನಡೆದುದು. ಉದ್ಯೋಗಕ್ಕಾಗಿ ಬಂದು ಕಾದಿದ್ದ ಗೈ ಗೋಮಾ ಎಂಬಾತನನ್ನು, ಗೈ ಎಂಬ ಹೆಸರೇ ಇದ್ದ ಬೇರೊಬ್ಬ ತಜ್ಞನೆಂದು ತಿಳಿದು ನೇರಪ್ರಸಾರದ ಕೋಣೆಗೆ ಕರೆದೊಯ್ದರು. ಆತನು ಮುಖದಲ್ಲಿ ದಿಗಿಲನ್ನು ತೋರಿದರೂ, ಕೇಳಿದ ಪ್ರಶ್ನೆಗಳಿಗೆಲ್ಲ ಮರ್ಯಾದೆಯಿಂದ ಉತ್ತರ ಕೊಟ್ಟನು, ಸಂದರ್ಶನವು ಕೊನೆಮುಟ್ಟಿತು! ಪ್ರಶ್ನೆಯೇ ಉತ್ತರದ ಅಚ್ಚನ್ನು ಹೊತ್ತು ಬಂದಾಗ ಅದರೊಳಗೆ ಯಾರನ್ನು ಎರೆದರೂ ಒಂದು ಆಕಾರವು ಬಂದೇ ಬರುತ್ತದೆ.

ಉತ್ತರವು ಮೊದಲೇ ಗೊತ್ತಿದ್ದು ಪ್ರಶ್ನೆಯನ್ನು ಕೇಳುವುದೇ ದೋಷವೆಂದು ಇದರಿಂದ ತಿಳಿಯಬಾರದು. ಅಂಥ ಪ್ರಶ್ನೆಯಿಂದಲೇ ಆರಂಭವಾಗುವ ಒಂದು ಸಮೃದ್ಧವಾದ ಕಲೆಯು ಕನ್ನಡ ನಾಡಿನಲ್ಲಿದೆ. ತಳಕಲ್, ಕುಕನೂರು, ಯಲಬುರ್ಗಿ, ಕುಷ್ಟಗಿಗಳನ್ನೊಳಗೊಂಡ ಕೊಪ್ಪಳದ ಸೀಮೆಯು ಬಯಲಾಟಕ್ಕೆ ಒಗ್ಗಿದ ನೆಲ. ಇಲ್ಲಿಯ ದೊಡ್ಡಾಟದಲ್ಲಿ ಕಿರೀಟ ಭುಜಕೀರ್ತಿಗಳನ್ನು ಧರಿಸಿದ ಅರಸನು ರಂಗಕ್ಕೆ ಬಂದೊಡನೆ ಕಥೆಯು ಹೊರಡುವುದಿಲ್ಲ. ಸಾರಥಿಯು ಅವನನ್ನು ತಡೆದು ವಿಚಾರಿಸುತ್ತಾನೆ: ತಾವಾರು, ಯಾವ ಊರು, ಯಾರ ಮಗ, ಈ ಸಭೆಗೆ ಬಂದ ಕಾರಣವೇನು? ಬಂದವನು ದುರ್ಯೋಧನನೆಂದು ಸಾರಥಿಯೂ ಬಲ್ಲ, ಹಿಮ್ಮೇಳದವರೂ ಬಲ್ಲರು, ಕಂಬಳಿ ಹೊದ್ದು ಮುಂದಿನ ಸಾಲಿನಲ್ಲಿ ಕುಳಿತ ಹುಡುಗನೂ ಬಲ್ಲ. ಆದರೂ ಕೇಳಬೇಕು, ಕೇಳಿದುದರಿಂದಲೇ ಅರಸನು ತನ್ನ ಕುಲವನ್ನೂ ಬಿರುದನ್ನೂ ಪ್ರತಾಪವನ್ನೂ ಏರುದನಿಯಲ್ಲಿ ಹೇಳಿಕೊಳ್ಳುವುದಕ್ಕೆ ಅವಕಾಶ. ಅರಸನ ಮಾತು ಸಂಸ್ಕೃತಭೂಯಿಷ್ಠವಾಗಿ ಗುಡುಗುತ್ತದೆ, ಸಾರಥಿಯ ಮಾತು ಊರಿನ ಆಡುನುಡಿ. ಎರಡರ ನಡುವಣ ಅಂತರದಲ್ಲಿ ನಗೆಯು ಹುಟ್ಟುತ್ತದೆ; ಎಷ್ಟೋ ವೇಳೆ ಅರಸನ ಜಂಬಕ್ಕೆ ಅಲ್ಲಿಯೇ ಒಂದು ಚುಚ್ಚೂ ಬೀಳುತ್ತದೆ. ಪ್ರಖ್ಯಾತರ ಸಂದರ್ಶನವೆಂಬುದನ್ನು ಇಷ್ಟು ಶುದ್ಧವಾದ ರೂಪದಲ್ಲಿ ಕಾಣುವುದು ಅಪೂರ್ವ. ಇಲ್ಲಿ ಮುಜುಗರವಿಲ್ಲ. ಪ್ರಶ್ನೆಯು ವಿಧಿಯೆಂದು ಕೇಳುವವನು, ಹೇಳುವವನು, ನೋಡುವವನು ಮೂವರಿಗೂ ಗೊತ್ತು. ಗೊತ್ತಿಲ್ಲದವರಂತೆ ನಟಿಸುವುದೇ ಆಟ. ನೀನು ನಿಜವಾಗಿ ಉತ್ಸಾಹಿಯಾಗಿರುವೆಯಾ ಎಂದು ಸಾರಥಿಯು ದುರ್ಯೋಧನನ ಪಾತ್ರಧಾರಿಯನ್ನು ಕೇಳುವುದಿಲ್ಲ.

ಇದಕ್ಕೆ ನೇರ ವಿರುದ್ಧವಾದ ಪ್ರಶ್ನೆಯೂ ಕನ್ನಡದಲ್ಲಿದೆ. ಶೂನ್ಯಸಂಪಾದನೆಯಲ್ಲಿ ಅಕ್ಕಮಹಾದೇವಿಯು ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುವು ಆಕೆಯನ್ನು ವಿಚಾರಿಸುವ ಭಾಗವನ್ನು ಇಂದಿನ ಯಾವ ನಿರೂಪಕನ ಪ್ರಶ್ನೆಗಳೊಡನೆ ಹೋಲಿಸಿದರೂ, ಕಠೋರತೆಯಲ್ಲಿ ಅಲ್ಲಮನದೇ ಮೇಲಾಗುವುದು. ಹರೆಯದ ಹೆಣ್ಣೊಬ್ಬಳನ್ನು ತುಂಬಿದ ಸಭೆಯಲ್ಲಿ ನಿನ್ನ ಗಂಡನಾರೆಂದು ಕೇಳುವುದು, ಉಡಿಗೆಯನ್ನು ತೊರೆದವಳು ಕೂದಲಿನಿಂದ ಮೈಯನ್ನೇಕೆ ಮರೆಸಿಕೊಂಡಿರುವೆಯೆಂದು ಕೆಣಕುವುದು, ಇವು ಸಭ್ಯತೆಯ ಗೆರೆಯನ್ನು ದಾಟಿದ ಪ್ರಶ್ನೆಗಳು. ಆದರೆ ಇವುಗಳೊಳಗೆ ಉತ್ತರವು ಅಡಗಿಲ್ಲ. ಆ ಮರೆಯು ತನಗಾಗಿಯಲ್ಲ, ನೋಡುವವರಿಗೆ ನೋವಾಗದಿರಲೆಂದು ಎಂಬ ಭಾವದ ಉತ್ತರವನ್ನು ಅಕ್ಕನು ಕೊಟ್ಟಾಗ ಪ್ರಶ್ನೆಯು ತಿರುಗಿ ಸಭೆಯ ಮೇಲೆಯೇ ಬೀಳುತ್ತದೆ. ಅಲ್ಲಮನು ಅಲ್ಲಿಗೆ ಬಿಡದೆ ಮುಂದುವರಿಯುತ್ತಾನೆ. ಪ್ರತಿಯೊಂದು ಉತ್ತರವೂ ಮುಂದಿನ ಪ್ರಶ್ನೆಯನ್ನು ಬದಲಾಯಿಸುತ್ತದೆ. ಕೊನೆಗೆ ಕೇಳಿದವನೇ ಆಕೆಯ ನಿಲವನ್ನು ಕೊಂಡಾಡುತ್ತಾನೆ. ಉತ್ತರದಿಂದ ಸೋಲಲು ಸಿದ್ಧನಾಗಿರುವುದರಿಂದಲೇ ಅವನಿಗೆ ಅಷ್ಟು ಕಠೋರವಾಗಿ ಕೇಳುವ ಅಧಿಕಾರವು ಬಂದಿತೆನ್ನಬೇಕು.

ಪ್ರಾಸಂಗಿಕವಾಗಿ ಇಲ್ಲಿ ಒಂದು ಮಾತು. ಈ ಸಂವಾದವು ನಡೆದುದನ್ನು ನಡೆದಂತೆ ಬರೆದಿಟ್ಟ ವರದಿಯಲ್ಲ. ಬಿಡಿಬಿಡಿಯಾಗಿದ್ದ ವಚನಗಳನ್ನು ಶಿವಗಣಪ್ರಸಾದಿ ಮಹಾದೇವಯ್ಯನೂ, ಅವನ ಬಳಿಕ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರ ಸಿದ್ಧವೀರಣಾರ್ಯರೂ ತಮ್ಮತಮ್ಮ ಸಂಪಾದನೆಗಳಲ್ಲಿ ಪ್ರಶ್ನೋತ್ತರವಾಗಿ ಹೊಂದಿಸಿದರು. ಹನ್ನೆರಡನೆಯ ಶತಮಾನದ ಮಾತುಗಳಿಗೆ ಈ ಸಂವಾದರೂಪವನ್ನು ಕೊಟ್ಟವರು ಶತಮಾನಗಳ ಬಳಿಕ ಬಂದ ಸಂಪಾದಕರು. ಕತ್ತರಿಸಿ ಜೋಡಿಸುವ ಕೆಲಸವು ದೂರದರ್ಶನದವರ ಆವಿಷ್ಕಾರವಲ್ಲ. ಉತ್ತರವು ಹಿರಿದಾಗಿ ಕಾಣುವಂತೆ ಪ್ರಶ್ನೆಯನ್ನು ಜೋಡಿಸುವ ಸಂಪಾದನೆಯು ಬೇರೆ, ಪ್ರಶ್ನೆ ಕೇಳಿದವನು ಚೆಲುವಾಗಿ ಕಾಣುವಂತೆ ಉತ್ತರವನ್ನು ಕತ್ತರಿಸುವುದು ಬೇರೆ.

ಬೆಳಗಿನ ಸಂದರ್ಶನದ ಪಾಡು ಈ ಎರಡು ಪ್ರಶ್ನೆಗಳ ನಡುವೆ ಸಿಕ್ಕಿಬಿದ್ದುದರಿಂದ ಉಂಟಾದುದು. ಅದರ ಪ್ರಶ್ನೆಯು ಸಾರಥಿಯದು. ಉತ್ತರದಲ್ಲಿ ಅದು ಬೇಡುವ ಪ್ರಾಮಾಣಿಕತೆಯು ಮಾತ್ರ ಅಲ್ಲಮನ ಸಭೆಯದು. ವಿಧಿಯನ್ನು ವಿಧಿಯೆಂದು ಒಪ್ಪಿಕೊಂಡಿದ್ದರೆ ನಟಿಯು ಕಿರೀಟವನ್ನು ಧರಿಸಿ ಗುಡುಗಿ ಹೋಗುತ್ತಿದ್ದಳು. ನಿಜವಾದ ಜಿಜ್ಞಾಸೆಯಿದ್ದಿದ್ದರೆ ಆಕೆಯ ವ್ಯಂಗ್ಯವೇ ಮುಂದಿನ ಪ್ರಶ್ನೆಗೆ ದಾರಿಯಾಗುತ್ತಿತ್ತು. ಎರಡೂ ಇಲ್ಲದ ಕಡೆ, ಬಾಯಿಪಾಠದ ಮಾತನ್ನು ಹೃದಯದಿಂದ ಬಂದಂತೆ ಆಡಬೇಕೆಂಬ ಬಲಾತ್ಕಾರವೊಂದೇ ಉಳಿಯುತ್ತದೆ.

ಕನ್ನಡದ ವಾಹಿನಿಗಳಲ್ಲಿ ಬೆಂಗಳೂರು ದೂರದರ್ಶನದ ಚಂದನವು ‘ಬೆಳಗು’ ಎಂಬ ಕಾರ್ಯಕ್ರಮದಲ್ಲಿ ಕಲಾವಿದರನ್ನೂ ವಿದ್ವಾಂಸರನ್ನೂ ಕರೆದು ಸಾವಧಾನವಾಗಿ ಮಾತನಾಡಿಸುವ ಪದ್ಧತಿಯನ್ನು ಬೆಳೆಸಿತು. ಅದರ ನಿಧಾನವನ್ನು ಹಾಸ್ಯಮಾಡುವವರುಂಟು. ಉತ್ತರ ಹೇಳುವವನು ಒಂದು ಕ್ಷಣ ಸುಮ್ಮನಿದ್ದರೆ ಅದನ್ನು ದೋಷವೆಂದೆಣಿಸದಿರುವುದು ಆ ನಿಧಾನದ ಗುಣ. ವಾರ್ತಾವಾಹಿನಿಗಳ ಅವಸರದಲ್ಲಿ ಆ ಕ್ಷಣವು ದೊರೆಯುವುದಿಲ್ಲ. ಚಲಚ್ಚಿತ್ರದ ನಟರಿಗೆ ಇದರಿಂದಾಗುವ ನಷ್ಟವು ಅಲ್ಪ. ಅವರಿಗೆ ಮಾತನಾಡಲು ನೂರು ವೇದಿಕೆಗಳಿವೆ. ನಷ್ಟವು ದೊಡ್ಡದಾಗುವುದು, ಬಾಳಿನ ಸಂಜೆಯಲ್ಲಿ ಒಂದೇ ದಿನದಲ್ಲಿ ಪ್ರಖ್ಯಾತರಾಗುವವರ ವಿಷಯದಲ್ಲಿ.

ಇದಕ್ಕೆ ನಿದರ್ಶನವು ಈ ಸೀಮೆಯಲ್ಲಿಯೇ ಇದೆ. ಕೊಪ್ಪಳ ಜಿಲ್ಲೆಯ ಮೋರನಾಳ ಗ್ರಾಮದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಗಲುಗೊಂಬೆಯಾಟದ ಸೇವೆಗಾಗಿ 2025ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಬಂದಿತು. ಆಗ ಅವರಿಗೆ 96 ವರ್ಷ. ಏಳು ದಶಕಗಳಿಗೂ ಮಿಕ್ಕಿ ಪರದೆಯ ಹಿಂದೆ ಕುಳಿತು ರಾಮಾಯಣ ಮಹಾಭಾರತಗಳನ್ನು ಆಡಿಸಿದ, ಹೊರದೇಶಗಳಲ್ಲಿಯೂ ಗೊಂಬೆಗಳನ್ನು ಕುಣಿಸಿ ಬಂದ ಕಲಾವಿದೆ. ಪ್ರಶಸ್ತಿಯು ಪ್ರಕಟವಾದ ದಿನ ಇಂಥ ಹಿರಿಯರ ಮನೆಯಂಗಳದಲ್ಲಿ ವಾಹಿನಿಗಳವರು ಕೇಳುವ ಪ್ರಶ್ನೆಯು ನಾಡಿನಾದ್ಯಂತ ಒಂದೇ: ಪ್ರಶಸ್ತಿ ಬಂದುದರಿಂದ ಹೇಗನಿಸುತ್ತಿದೆ? “ಸಂತೋಷವಾಗಿದೆ” ಎಂಬುದರ ಹೊರತು ಅದಕ್ಕೆ ಬೇರೆ ಉತ್ತರವಿಲ್ಲ. ಆ ಉತ್ತರವು ಸುಳ್ಳೂ ಅಲ್ಲ. ಆದರೆ ಎಪ್ಪತ್ತು ವರ್ಷಗಳ ವಿದ್ಯೆಯೊಂದಕ್ಕೆ ದೊರೆತ ಕೆಲವು ನಿಮಿಷಗಳು ಅದರಲ್ಲಿಯೇ ತೀರಿಹೋಗುತ್ತವೆ. ಚರ್ಮವನ್ನು ಹದಮಾಡಿ, ದೀಪದ ಬೆಳಕು ಹಾಯುವಷ್ಟು ತೆಳುವಾಗಿಸುವುದು ಹೇಗೆ? ಬಣ್ಣವನ್ನು ಯಾವುದರಿಂದ ಕಟ್ಟುತ್ತಾರೆ? ಮಳೆ ಹೋದ ವರ್ಷ ಊರವರು ಆಡಿಸುವ ಆಟಕ್ಕೂ ಹಬ್ಬದ ಆಟಕ್ಕೂ ಕಥೆಯಲ್ಲಿ ಭೇದವುಂಟೇ? ಇವು ಉತ್ತರವು ಗೊತ್ತಿಲ್ಲದವನು ಕೇಳುವ ಪ್ರಶ್ನೆಗಳು. ಸುಗ್ರೀವನ ಗೊಂಬೆಯೊಂದನ್ನು ಕೈಗೆ ಕೊಟ್ಟು ಕೇಳಿದರೆ ಉತ್ತರವು ಗಂಟೆಗಟ್ಟಲೆ ಬರಬಲ್ಲುದು.

ತೊಗಲುಗೊಂಬೆಯಾಟದಲ್ಲಿ ಪ್ರಶ್ನೆ ಕೇಳುವುದಕ್ಕೆಂದೇ ಹುಟ್ಟಿದಂಥ ಪಾತ್ರವೊಂದಿದೆ. ಕಿಳ್ಳೇಕ್ಯಾತನೆಂಬ ಆ ವಿದೂಷಕನು ತನ್ನ ಹೆಂಡತಿ ಬಂಗಾರಕ್ಕನೊಡನೆ ಕಥೆಯ ನಡುವೆ ನುಗ್ಗಿ, ದೇವರುಗಳ ಮತ್ತು ಅರಸರ ಮಾತಿಗೆ ಅಡ್ಡಮಾತು ಹಾಕುತ್ತಾನೆ. ರಾಮನ ಗಾಂಭೀರ್ಯವೂ ಕಿಳ್ಳೇಕ್ಯಾತನ ಕುಚೋದ್ಯವೂ ಪರದೆಯ ಹಿಂದಿರುವ ಒಂದೇ ಕಂಠದಿಂದ ಹೊರಡಬಹುದು. ಪ್ರಶ್ನೆಯೂ ಅದರದೇ, ಉತ್ತರವೂ ಅದರದೇ. ಆ ಒಂದು ಕಂಠವು ರಾತ್ರಿಯೆಲ್ಲ ಎರಡನ್ನೂ ಬೇರೆಬೇರೆಯಾಗಿ ಹೇಗೆ ಕಾಪಾಡುತ್ತದೆಂಬುದು, ಹೇಗನಿಸುತ್ತಿದೆಯೆಂದು ಕೇಳಿ ಹಿಂದಿರುಗುವ ವಾಹನದೊಡನೆ ಹೋಗಲಾರದೆ ಅಂಗಳದಲ್ಲಿಯೇ ಉಳಿಯುತ್ತದೆ.