ನೂರ ಅರವತ್ತು ಗಂಟೆಯ ಕಸುಬು

ಹಳಿಯಾಳ, ಮುಂಡಗೋಡದ ಕಡೆ ಹುಡುಗನೊಬ್ಬ ನಾಲ್ಕು ದಿನ ಊರಲ್ಲಿ ಕಾಣಿಸದಿದ್ದರೆ ಕೇಳಿದವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ಸೆಕ್ಯುರಿಟಿಗೆ ಹೋಗ್ಯಾನ." ಯಾವ ಕಂಪನಿ, ಎಷ್ಟು ಪಗಾರ ಎಂದು ಮುಂದೆ ಯಾರೂ ಕೇಳುವುದಿಲ್ಲ. ಪಿಯುಸಿ ಮುಗಿಸಿ, ಬೆಳಗಾವಿಯ ಸೇನಾ ಭರ್ತಿಗೆ ಓಡಿ, ಕಾನ್‌ಸ್ಟೆಬಲ್ ಪರೀಕ್ಷೆ ಬರೆದು, ಪಟ್ಟಿಗೆ ಕಾದು ಬೇಸತ್ತವನು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಜೊಯಿಡಾದವನಾದರೆ ಗೋವಾ ಹತ್ತಿರ. ಆರು ತಿಂಗಳಿಗೆ ಅವನು ವಾಪಸ್ ಬಂದರೂ ಯಾರಿಗೂ ಆಶ್ಚರ್ಯವಿಲ್ಲ. ಹೋಗುವುದೂ ಬರುವುದೂ ಇಷ್ಟು ಸಲೀಸಾಗಿರುವ ಕೆಲಸವನ್ನು ವೃತ್ತಿ ಎನ್ನಬಹುದೇ? ಎನ್ನಬಹುದು ಅಂತ ಕಾನೂನು ಹೇಳುತ್ತದೆ. ಕಾನೂನು ಹೇಳುವ ವೃತ್ತಿ ಈ ಹುಡುಗರಿಗೆ ಸಿಗುತ್ತಿಲ್ಲ ಎನ್ನುವುದೇ ನನ್ನ ತಕರಾರು.

ಖಾಸಗಿ ಭದ್ರತಾ ಸಂಸ್ಥೆಗಳ ನಿಯಂತ್ರಣ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಮಾರ್ಚ್‌ನಲ್ಲಿ. ಕೇಂದ್ರ ಅದೇ ವರ್ಷ ಮಾದರಿ ನಿಯಮಗಳನ್ನು ಹೊರಡಿಸಿತು. ಕರ್ನಾಟಕ 2008ರಲ್ಲಿ ತನ್ನ ನಿಯಮ ಮಾಡಿಕೊಂಡಿತು. ಮಾದರಿ ನಿಯಮಗಳನ್ನು ಸಾವಧಾನವಾಗಿ ಓದಿದರೆ ಬರೆದವರ ಮನಸ್ಸಿನಲ್ಲಿ ಒಬ್ಬ ನುರಿತ ಕಸುಬುದಾರ ಇದ್ದನೆಂದು ಗೊತ್ತಾಗುತ್ತದೆ. ಗಂಡಸಿಗೆ 160 ಸೆಂಟಿಮೀಟರ್, ಹೆಂಗಸಿಗೆ 150 ಸೆಂಟಿಮೀಟರ್ ಎತ್ತರ, ಆರು ನಿಮಿಷದಲ್ಲಿ ಒಂದು ಕಿಲೋಮೀಟರ್ ಓಟ. ಇವೆಲ್ಲ ಭರ್ತಿ ಮೈದಾನ ಕಂಡವನಿಗೆ ಲೆಕ್ಕಕ್ಕಿಲ್ಲ. ಮುಖ್ಯವಾದದ್ದು ತರಬೇತಿ: 100 ಗಂಟೆ ತರಗತಿಯ ಪಾಠ, 60 ಗಂಟೆ ಮೈದಾನದ ಅಭ್ಯಾಸ, ಕನಿಷ್ಠ 20 ಕೆಲಸದ ದಿನಗಳಲ್ಲಿ. ಬೆಂಕಿ ಆರಿಸುವುದು, ಜನಜಂಗುಳಿ ನಿಭಾಯಿಸುವುದು, ಪ್ರಥಮ ಚಿಕಿತ್ಸೆ, ಸ್ಫೋಟಕದ ಗುರುತು, ಗುರುತಿನ ಚೀಟಿಯ ಪರಿಶೀಲನೆ, ಆತ್ಮರಕ್ಷಣೆಯ ಹಕ್ಕು ಎಲ್ಲಿಯವರೆಗೆ, ಎಫ್‌ಐಆರ್ ದಾಖಲಿಸುವುದು ಹೇಗೆ. ಪೊಲೀಸ್ ಮತ್ತು ಸೇನೆಯ ಅಧಿಕಾರಿಗಳ ಭುಜಪಟ್ಟಿ ಓದುವುದೂ ಪಠ್ಯದಲ್ಲಿದೆ. ಹದಿನೈದು ಗಾರ್ಡುಗಳಿಗೆ ಒಬ್ಬ ಸೂಪರ್‌ವೈಸರ್ ಇರಬೇಕು. ಲೈಸೆನ್ಸ್ ಇಲ್ಲದೆ ಏಜೆನ್ಸಿ ನಡೆಸಿದರೆ ಒಂದು ವರ್ಷದವರೆಗೆ ಜೈಲು ಅಥವಾ 25 ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಇನ್ನು ಸೈಟ್‌ಗೆ ಬರೋಣ. ಅನೇಕ ಕಡೆ ತರಬೇತಿ ಎಂದರೆ ಹಳೆಯ ಗಾರ್ಡಿನ ಪಕ್ಕ ಒಂದು ಹಗಲು ನಿಲ್ಲುವುದು. ಸಂಜೆ ಎಂಟರ ಹೊತ್ತಿಗೆ ಬೆಂಗಳೂರಿನ ಅಪಾರ್ಟ್‌ಮೆಂಟ್ ಗೇಟಿನಲ್ಲಿ ಡ್ಯೂಟಿ ಬದಲಾಗುವುದನ್ನು ನೋಡಬೇಕು. ಹೋಗುವವನು ಟಾರ್ಚು, ಬೀಗದ ಗೊಂಚಲು, ಮೈಗೇಟ್ ಆ್ಯಪ್ ಇರುವ ಫೋನು ಒಪ್ಪಿಸುತ್ತಾನೆ. ರಿಜಿಸ್ಟರಿನಲ್ಲಿ ಸಹಿ ಬೀಳುತ್ತದೆ. ಎಷ್ಟೋ ವೇಳೆ ಟೋಪಿಯೂ ಕೈಬದಲಾಗುತ್ತದೆ, ಪಾಯಿಂಟಿಗೆ ಒಂದೇ ಟೋಪಿ. ರಿಲೀವರ್ ಬಾರದಿದ್ದರೆ ಫೀಲ್ಡ್ ಆಫೀಸರನಿಗೆ ಫೋನು. ಆ ಕಡೆಯಿಂದ ಬರುವ ಮಾತು ಎಲ್ಲರಿಗೂ ಬಾಯಿಪಾಠ: "ಇವತ್ತೊಂದಿನ ಡಬಲ್ ಡ್ಯೂಟಿ ಮಾಡಪಾ." ಇಪ್ಪತ್ನಾಲ್ಕು ಗಂಟೆ ನಿಂತವನಿಗೆ ಸ್ಫೋಟಕದ ಗುರುತು ಹತ್ತುವುದಿರಲಿ, ಬಂದ ಕಾರಿನ ನಂಬರು ಸರಿಯಾಗಿ ಕಂಡರೆ ಹೆಚ್ಚು.

ಪಗಾರದ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಹುಡುಗರು ಮೋಸಹೋಗುವುದು ಅಲ್ಲೇ. ಭದ್ರತಾ ಸಂಸ್ಥೆಗಳ ಕೆಲಸಕ್ಕೆ ಕರ್ನಾಟಕದಲ್ಲಿ ಸರ್ಕಾರವೇ ಕನಿಷ್ಠ ಕೂಲಿ ನಿಗದಿ ಮಾಡುತ್ತದೆ. ಆ ಕೂಲಿ ಎಂಟು ಗಂಟೆಯ ದುಡಿತಕ್ಕೆ. ಅದರಾಚೆಗಿನ ಪ್ರತಿ ಗಂಟೆಗೆ ದುಪ್ಪಟ್ಟು ದರ. ಹಾಗಾದರೆ ಹನ್ನೆರಡು ಗಂಟೆಯ ಡ್ಯೂಟಿಗೆ ಸಲ್ಲಬೇಕಾದದ್ದು ಎಂಟು ಪ್ಲಸ್ ಎಂಟು, ಅಂದರೆ ಹದಿನಾರು ಗಂಟೆಯ ಕೂಲಿ. ದಿನಗೂಲಿಯ ಸರಿಯಾಗಿ ಎರಡು ಪಟ್ಟು. ಏಜೆನ್ಸಿಯವರು "ಹನ್ನೆರಡು ತಾಸು, ಊಟ ನಿಂದು, ರೂಮ್ ನಮ್ದು" ಎಂದು ಒಂದು ಮೊತ್ತ ಹೇಳಿದಾಗ ಅದು ಕನಿಷ್ಠ ಕೂಲಿಗಿಂತ ತುಸು ಮೇಲಿರುವುದರಿಂದ ಹುಡುಗನಿಗೆ ಲಾಭದಂತೆ ಕಾಣುತ್ತದೆ. ಅದರಲ್ಲಿ ಓವರ್‌ಟೈಮ್ ಎಲ್ಲಿ ಹೋಯಿತು, ವಾರದ ರಜೆ ಎಲ್ಲಿ ಹೋಯಿತು ಎಂದು ಕೇಳುವ ಅಭ್ಯಾಸವಿಲ್ಲ. ಸಮವಸ್ತ್ರ, ಬೂಟು, ರೂಮಿನ ಹೆಸರಿನಲ್ಲಿ ಮೊದಲೆರಡು ತಿಂಗಳ ಪಗಾರ ಕರಗುವುದು ಬೇರೆ.

ತಪ್ಪು ಏಜೆನ್ಸಿಗಳದ್ದು ಮಾತ್ರ ಎಂದರೆ ಅರ್ಧ ಸತ್ಯ. ಅತಿ ಕಡಿಮೆ ದರದ ಕೊಟೇಶನ್‌ಗೇ ಗುತ್ತಿಗೆ ಕೊಡುವ ಅಪಾರ್ಟ್‌ಮೆಂಟ್ ಸಂಘಗಳು, ಕಾಲೇಜುಗಳು, ಆಸ್ಪತ್ರೆಗಳು ಈ ವ್ಯವಸ್ಥೆಯ ನಿಜವಾದ ಮಾಲೀಕರು. ಬಿಲ್ಲಿನ ಮೇಲೆ ಶೇಕಡ 18 ಜಿಎಸ್‌ಟಿ, ಏಜೆನ್ಸಿಯ ಕಮಿಷನ್, ಪಿಎಫ್ ಮತ್ತು ಇಎಸ್‌ಐನ ಮಾಲೀಕ ಪಾಲು ಕಳೆದು ಉಳಿದದ್ದೇ ಗಾರ್ಡಿನ ಕೈಗೆ. ಅಂದಮೇಲೆ 160 ಗಂಟೆಯ ತರಬೇತಿಗೆ ದುಡ್ಡು ಎಲ್ಲಿಂದ ಬರಬೇಕು? ತರಬೇತಿ ಬೇಕೆಂದು ಗಿರಾಕಿಯೇ ಕೇಳಿಲ್ಲ. ಅವನಿಗೆ ಬೇಕಾದದ್ದು ಗೇಟಿನ ಮುಂದೊಂದು ನೀಲಿ ಅಂಗಿ.

ಪಿಎಫ್ ವಿಷಯದಲ್ಲಿ ಈ ಭಾಗದವರು ಕಳೆದುಕೊಳ್ಳುವುದು ಇನ್ನೂ ಹೆಚ್ಚು. ಪಿಂಚಣಿಗೆ ಹತ್ತು ವರ್ಷದ ಸೇವೆ ಬೇಕು. ಏಜೆನ್ಸಿ ಬದಲಾದಾಗಲೆಲ್ಲ ಹೊಸ ಖಾತೆ, ಹಳೆಯದನ್ನು ಯುಎಎನ್‌ಗೆ ಜೋಡಿಸದೆ ಹಣ ತೆಗೆದು ಬೈಕಿಗೋ ಮದುವೆಗೋ ಹಾಕಿದರೆ ಹದಿನೈದು ವರ್ಷ ದುಡಿದವನೂ ಪಿಂಚಣಿಯ ಲೆಕ್ಕದಲ್ಲಿ ಹೊಸಬನೇ. ಇಎಸ್‌ಐ ಮಾತ್ರ ಇಲ್ಲಿಯವರ ಕೈಗೆಟಕುವ ಸವಲತ್ತು. ಕಾಗದ ಕಾರ್ಖಾನೆಯ ಕಾರ್ಮಿಕರಿರುವ ದಾಂಡೇಲಿಯಲ್ಲಿ ಇಎಸ್‌ಐ ಆಸ್ಪತ್ರೆಯೇ ಇದೆ. ತಿಂಗಳ ಪಗಾರ 21 ಸಾವಿರ ಮೀರದವನಿಗೆ, ತನ್ನ ಪಾಲು ಬರೀ ಮುಕ್ಕಾಲು ಪರ್ಸೆಂಟ್ ಕಟ್ಟಿದರೆ, ಕುಟುಂಬಕ್ಕೂ ಚಿಕಿತ್ಸೆಯ ಹಕ್ಕು. ಕಾರ್ಡ್ ಮಾಡಿಸಿಕೊಡದ ಏಜೆನ್ಸಿಯ ಕೆಲಸ ಎಷ್ಟೇ ಪಗಾರ ಹೇಳಿದರೂ ಬೇಡ ಎನ್ನುವುದು ನನ್ನ ಖಚಿತ ಅಭಿಪ್ರಾಯ.

ಈ ಕೆಲಸಕ್ಕೆ ಬೇಡಿಕೆ ಹುಟ್ಟುವ ಬಗೆಯೂ ವಿಚಿತ್ರ. 2013ರ ನವೆಂಬರ್‌ನಲ್ಲಿ ಬೆಂಗಳೂರಿನ ಕಾರ್ಪೊರೇಷನ್ ವೃತ್ತದ ಎಟಿಎಂ ಒಳಗೆ ಮಹಿಳೆಯೊಬ್ಬರ ಮೇಲೆ ಮಚ್ಚಿನಿಂದ ಹಲ್ಲೆಯಾಯಿತು. ಅಲ್ಲಿ ಗಾರ್ಡ್ ಇರಲಿಲ್ಲ. ಪೊಲೀಸರು ಗುಡುಗಿದರು, ಬ್ಯಾಂಕುಗಳು ಅವಸರದಲ್ಲಿ ಗಾರ್ಡುಗಳನ್ನು ಹುಡುಕಿದವು, ಸಿಗದ ಕಡೆ ಎಟಿಎಂಗೇ ಬಾಗಿಲು ಹಾಕಿದವು. ಕೆಲ ವರ್ಷಗಳಲ್ಲಿ ಕ್ಯಾಮೆರಾ ಕಣ್ಗಾವಲು ಅಗ್ಗವಾಯಿತು, ಅದೇ ಗಾರ್ಡುಗಳು ಎಷ್ಟೋ ಕಡೆ ಎದ್ದುಹೋದರು. ಭಯದ ಮೇಲೆ ನಿಂತ ನೌಕರಿ ಭಯ ತಣಿದ ಕೂಡಲೇ ಹೋಗುತ್ತದೆ.

ಹಣ ಸಾಗಿಸುವ ವಿಭಾಗಕ್ಕೆ ಪಗಾರ ತುಸು ಮೇಲು, ಜೀವದ ಅಪಾಯವೂ ಮೇಲು. 2018ರ ಮಾದರಿ ನಿಯಮಗಳ ಪ್ರಕಾರ ಕ್ಯಾಶ್ ವ್ಯಾನಿನಲ್ಲಿ ಇಬ್ಬರು ಸಶಸ್ತ್ರ ಗಾರ್ಡುಗಳಿರಬೇಕು, ಒಂದು ಟ್ರಿಪ್ಪಿಗೆ ಐದು ಕೋಟಿ ಮೀರಬಾರದು. 2025ರ ಜನವರಿಯಲ್ಲಿ ಬೀದರಿನಲ್ಲಿ ಎಟಿಎಂಗೆ ಹಣ ತುಂಬಲು ಹೊರಟ ಸಿಬ್ಬಂದಿಯ ಮೇಲೆ ಹಾಡಹಗಲೇ ಗುಂಡು ಹಾರಿಸಲಾಯಿತು, ಜೀವ ಹೋಯಿತು. ಅದೇ ವರ್ಷದ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಆರ್‌ಬಿಐ ಅಧಿಕಾರಿಗಳ ವೇಷದಲ್ಲಿ ಬಂದವರು ವ್ಯಾನಿನಿಂದ ದೋಚಿದ್ದು 7 ಕೋಟಿ 11 ಲಕ್ಷ. ಐದು ಕೋಟಿಯ ಮಿತಿ ಆ ದಿನ ಎಲ್ಲಿತ್ತು? ಬಂಧಿತರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್ ಕೂಡ ಇದ್ದ. ಭುಜಪಟ್ಟಿ ಓದಲು, ಗುರುತಿನ ಚೀಟಿ ಪರೀಕ್ಷಿಸಲು ಕಲಿಸಬೇಕೆಂದು ನಿಯಮ ಬರೆದವರು ಸುಮ್ಮನೆ ಬರೆದಿರಲಿಲ್ಲ.

ನನ್ನ ಮಟ್ಟಿಗೆ ಈ ಕಸುಬಿನ ನಿಜವಾದ ಜಾಣ್ಮೆ ಕಾಣುವುದು ನಗರದ ಗೇಟುಗಳಲ್ಲಲ್ಲ, ಹಳಿಯಾಳ, ಮುಂಡಗೋಡ, ಜೊಯಿಡಾ, ದಾಂಡೇಲಿ ಎಂಬ ಈ ನಾಲ್ಕು ತಾಲ್ಲೂಕುಗಳಲ್ಲೇ. 1955ರಲ್ಲಿ ದಾಂಡೇಲಿಯಲ್ಲಿ ಸ್ಥಾಪನೆಯಾದ ವೆಸ್ಟ್ ಕೋಸ್ಟ್‌ನಂಥ ಕಾಗದ ಕಾರ್ಖಾನೆಯ ಗೇಟನ್ನು ಊಹಿಸಿಕೊಳ್ಳಿ. ಕಟ್ಟಿಗೆ ಹೊತ್ತ ಲಾರಿಗಳ ಸಾಲು, ತೂಕದ ಚೀಟಿ, ಮೂರು ಪಾಳಿಯ ಜನ, ರಾಸಾಯನಿಕದ ಟ್ಯಾಂಕರು, ಒಣಗಿದ ಕಟ್ಟಿಗೆಯ ರಾಶಿಗೆ ಬೇಸಿಗೆಯ ಬೆಂಕಿಯ ಭಯ. ಅನಿಲ ಸೋರಿದರೆ ಗಾಳಿ ಎತ್ತ ಬೀಸುತ್ತಿದೆ ಎಂದು ನೋಡಿ ಜನರನ್ನು ಅದಕ್ಕೆ ಅಡ್ಡಲಾಗಿ ನಡೆಸಬೇಕು. ಹಳಿಯಾಳದ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬು ನುರಿಸುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ರಾತ್ರಿಯಿಡೀ ಸರದಿಯಲ್ಲಿ ನಿಲ್ಲುತ್ತವೆ. ಪಾಳಿ ತಪ್ಪಿತೆಂದು, ತೂಕ ಕಡಿಮೆಯಾಯಿತೆಂದು ರೇಗುವ ರೈತನಿಗೆ ಲಾಠಿ ತೋರಿಸಿದರೆ ಗೇಟು ಬಂದ್ ಆಗುತ್ತದೆ, ಕನ್ನಡದಲ್ಲೋ ಮರಾಠಿಯಲ್ಲೋ ಎರಡು ಒಳ್ಳೆಯ ಮಾತಾಡಿದರೆ ಸಾಲು ಮುಂದೆ ಹೋಗುತ್ತದೆ. ಗಣೇಶಗುಡಿ, ಜೊಯಿಡಾ ಸುತ್ತಿನ ರೆಸಾರ್ಟು, ಹೋಮ್‌ಸ್ಟೇಗಳಲ್ಲಿ ಕೆಲಸ ಇನ್ನೊಂದು ಬಗೆಯದು. ಕಾಳಿ ನದಿಯ ರಾಫ್ಟಿಂಗ್ ನಡೆಯುವುದೇ ಸೂಪಾದಿಂದ ಬಿಡುವ ನೀರಿನ ಲೆಕ್ಕದ ಮೇಲೆ. ಬಂಡೆಯ ಮೇಲೆ ಕೂತು ಫೋಟೊ ತೆಗೆಯುತ್ತಿರುವ ಪ್ರವಾಸಿಗೆ ನೀರು ಏರುವುದು ಗೊತ್ತಾಗುವುದಿಲ್ಲ, ಊರಿನ ಹುಡುಗನಿಗೆ ಗೊತ್ತಾಗುತ್ತದೆ. ಕುಡಿದು ರಾತ್ರಿ ಕಾಡಿನ ರಸ್ತೆಗೆ ಇಳಿಯುವವರನ್ನು ತಡೆಯುವುದೂ ಅವನ ಪಾಲಿಗೇ.

ಇಷ್ಟೆಲ್ಲ ಗೊತ್ತಿರುವವನ ಬೆಲೆ? ಕನಿಷ್ಠ ಕೂಲಿಯನ್ನು ವಲಯವಾರು ನಿಗದಿ ಮಾಡುವಾಗ ಬೆಂಗಳೂರು ಮೇಲಿನ ವಲಯ, ಸಣ್ಣ ಊರುಗಳು ಕೆಳಗಿನ ವಲಯ. ಹೆಚ್ಚು ತಿಳಿವಳಿಕೆ ಬೇಡುವ ಗೇಟಿಗೆ ಕಡಿಮೆ ದರ. ಬದುಕುವ ಖರ್ಚಿನ ಲೆಕ್ಕದಲ್ಲಿ ಇದು ಸರಿಯಿರಬಹುದು, ಕಸುಬಿನ ಲೆಕ್ಕದಲ್ಲಿ ಉಲ್ಟಾ. ಪ್ರವಾಸೋದ್ಯಮದಲ್ಲಂತೂ ಕಾವಲುಗಾರ, ತೋಟದ ಆಳು, ಲಗೇಜು ಹೊರುವವನು ಮೂವರೂ ಒಬ್ಬನೇ ಆಗಿರುವುದು ಮಾಮೂಲು. ಸಿದ್ದಿ, ಗೌಳಿ, ಕುಣಬಿ ಮನೆಗಳ ಹುಡುಗರಿಗೆ ಇಲ್ಲಿನ ಕಾಡು ನದಿಯ ಅಂದಾಜು ಹುಟ್ಟಿನಿಂದ ಬಂದದ್ದಲ್ಲ, ಓಡಾಡಿ ಗಳಿಸಿದ್ದು. ಅದಕ್ಕೊಂದು ಸರ್ಟಿಫಿಕೇಟು ಇಲ್ಲ. ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಎಂಬ ತರಬೇತಿ ಸಂಸ್ಥೆ ಇದೆ, ಹೊಲಿಗೆ, ಹೈನುಗಾರಿಕೆಯಂಥ ಸ್ವಉದ್ಯೋಗ ಕಲಿಸುವ ಮಾದರಿಯದು. ಕಾವಲು ನೌಕರಿ ಸ್ವಉದ್ಯೋಗವಲ್ಲ, ಸರಿ. ಆದರೆ 20 ದಿನದ ಈ ಕೋರ್ಸನ್ನು, ನದಿ ಮತ್ತು ಕಾಡಿನ ಒಂದೆರಡು ಪಾಠ ಸೇರಿಸಿ, ಇಂಥದೊಂದು ಕಡೆಯೇ ನಡೆಸಲು ಅಡ್ಡಿ ಏನು? ಹುಡುಗ ಬಸ್ಸು ಹತ್ತುವ ಮೊದಲೇ ಪ್ರಮಾಣಪತ್ರ ಕೈಯಲ್ಲಿದ್ದರೆ "ಟ್ರೇನಿಂಗ್ ಚಾರ್ಜ್" ಎಂದು ಪಗಾರ ಹಿಡಿಯಲು ಏಜೆನ್ಸಿಗೆ ನೆಪ ಸಿಗುವುದಿಲ್ಲ.

ಮುಂಡಗೋಡದಲ್ಲಿ ಇನ್ನೊಂದು ತೊಡಕಿದೆ. ಅಲ್ಲಿನ ಟಿಬೆಟನ್ ವಸಾಹತು 1966ರಷ್ಟು ಹಳೆಯದು. ಗಾರ್ಡ್ ಆಗಲು ಭಾರತದ ಪ್ರಜೆಯಾಗಿರಬೇಕು, ಇಲ್ಲವೇ ಕೇಂದ್ರ ಸರ್ಕಾರ ಅಧಿಸೂಚನೆಯಲ್ಲಿ ಹೆಸರಿಸಿದ ದೇಶದ ಪ್ರಜೆಯಾಗಿರಬೇಕು ಎನ್ನುತ್ತದೆ ಕಾಯ್ದೆ. ನೋಂದಣಿ ಪತ್ರದ ಮೇಲೆ ಬದುಕುವ ಟಿಬೆಟನ್ ಯುವಕ ಈ ಎರಡರಲ್ಲೂ ಸೇರದೆ ಉಳಿಯುತ್ತಾನೆ, ಅವನು ಹುಟ್ಟಿದ್ದು ಮುಂಡಗೋಡದಲ್ಲೇ ಆಗಿದ್ದರೂ.

ಬೇರೆ ದಾರಿ ಇಲ್ಲವೆಂದಲ್ಲ. ಪಕ್ಕದ ಮಹಾರಾಷ್ಟ್ರ 1981ರಲ್ಲೇ ಖಾಸಗಿ ಭದ್ರತಾ ಗಾರ್ಡುಗಳ ಉದ್ಯೋಗ ಮತ್ತು ಕಲ್ಯಾಣಕ್ಕೆ ಕಾಯ್ದೆ ಮಾಡಿತು. ಗಾರ್ಡು ಮಂಡಳಿಯಲ್ಲಿ ಹೆಸರು ನೋಂದಾಯಿಸುತ್ತಾನೆ, ಕೆಲಸ ಕೊಡುವವರು ಕೂಲಿ ಮತ್ತು ಅದರ ಮೇಲಿನ ಲೆವಿಯನ್ನು ಮಂಡಳಿಗೆ ಕಟ್ಟುತ್ತಾರೆ, ಮಂಡಳಿ ಅವನಿಗೆ ಪಗಾರ ಕೊಡುತ್ತದೆ. ಸೈಟು ಬದಲಾದರೂ ನೋಂದಣಿ ಅವನದೇ. ಅದರಲ್ಲೂ ಹುಳುಕುಗಳಿವೆ, ವಿನಾಯಿತಿ ಪಡೆದ ಏಜೆನ್ಸಿಗಳಿವೆ. ಆದರೆ ಗಾರ್ಡನ್ನು ಕಾರ್ಮಿಕನೆಂದು ಕಂಡ ಕಾನೂನು ಅದು. 2005ರ ಕೇಂದ್ರ ಕಾಯ್ದೆಯ ಕಣ್ಣು ಹೆಚ್ಚಾಗಿ ಏಜೆನ್ಸಿಯ ಲೈಸೆನ್ಸಿನ ಮೇಲೆ. ಕೂಲಿ ಕಾನೂನು ಮುರಿದರೆ ಲೈಸೆನ್ಸ್ ರದ್ದು ಮಾಡಬಹುದೆಂಬ ಅವಕಾಶ ಅದರಲ್ಲಿದೆ ನಿಜ, ಅದನ್ನು ಝಳಪಿಸುವವರು ಬೇಕಲ್ಲ.

ಇಷ್ಟಾದ ಮೇಲೂ ಇದರಲ್ಲೇ ಮೇಲೇರಬೇಕೆನ್ನುವ ಹುಡುಗ ಏಣಿಯನ್ನು ಒಮ್ಮೆ ನೋಡಬೇಕು. ಗಾರ್ಡ್, ಹೆಡ್ ಗಾರ್ಡ್, ಸೂಪರ್‌ವೈಸರ್, ಫೀಲ್ಡ್ ಆಫೀಸರ್. ಗಾರ್ಡ್ ನೇಮಕದಲ್ಲಿ ಸೇನೆ, ಪೊಲೀಸ್, ಗೃಹರಕ್ಷಕ ದಳದಲ್ಲಿ ಸೇವೆ ಮಾಡಿದವರಿಗೆ ಆದ್ಯತೆ ಕೊಡಬಹುದೆಂದು ಕಾಯ್ದೆ ಹೇಳುತ್ತದೆ. ಸೂಪರ್‌ವೈಸರ್ ಹುದ್ದೆಯಲ್ಲಿ ಆದ್ಯತೆ ಇರುವುದು ಅಂಥ ಸೇವೆ ಕನಿಷ್ಠ ಮೂರು ವರ್ಷ ಮಾಡಿದವರಿಗೆ. ಮರಾಠಾ ಲಘು ಪದಾತಿ ದಳದ ಕೇಂದ್ರವಿರುವ ಬೆಳಗಾವಿ ಹಳಿಯಾಳಕ್ಕೆ ದೂರವಲ್ಲ, ಸೇನೆಗೆ ಹೋಗುವ ಆಸೆ ಇಲ್ಲಿ ಮನೆಮನೆಯದು. 2022ರ ಅಗ್ನಿಪಥ ಯೋಜನೆಯಲ್ಲಿ ಅವಧಿ ನಾಲ್ಕು ವರ್ಷ, ಸೇನೆಯಲ್ಲಿ ಉಳಿಯುವವರು ಹೆಚ್ಚೆಂದರೆ ನಾಲ್ಕರಲ್ಲಿ ಒಬ್ಬರು. ಮಿಕ್ಕ ಮೂವರು ಇಪ್ಪತ್ತೈದರ ಆಸುಪಾಸಿನ ವಯಸ್ಸಿಗೆ ಹೊರಬರುತ್ತಾರೆ. ಮೂರು ವರ್ಷದ ಷರತ್ತಿಗೆ ಅವರ ನಾಲ್ಕು ವರ್ಷ ಧಾರಾಳವಾಗಿ ಸಾಕು. ಹದಿನೈದು ಜನಕ್ಕೆ ಒಬ್ಬ ಎಂಬ ಸೂಪರ್‌ವೈಸರ್ ಕುರ್ಚಿಗೆ ಅವರು ಅರ್ಜಿ ಹಾಕುವಾಗ, ಪಿಯುಸಿ ಮುಗಿಸಿ ನೇರವಾಗಿ ಗೇಟಿಗೆ ಬಂದು ಐದಾರು ವರ್ಷ ರಾತ್ರಿ ಪಾಳಿ ಮಾಡಿದ ಜೊಯಿಡಾದ ಹುಡುಗನ ಹತ್ತಿರ ತೋರಿಸಲು ಏನಿರುತ್ತದೆ? ತರಬೇತಿಯ ಕಾಗದವೂ ಇಲ್ಲ, ಒಂದೇ ಏಜೆನ್ಸಿಯ ಅನುಭವ ಪತ್ರವೂ ಇಲ್ಲ. ಸೇನೆಯಿಂದ ಬಂದವನ ಮೇಲೆ ಸಿಟ್ಟಾಗಿ ಪ್ರಯೋಜನವಿಲ್ಲ, ಅವನೂ ಅದೇ ಊರವನು. ಸಿಟ್ಟು ಬರಬೇಕಾದದ್ದು ಆ 160 ಗಂಟೆಗಳನ್ನು ಲೆಕ್ಕಕ್ಕೇ ಹಿಡಿಯದ ಏಜೆನ್ಸಿ, ಗಿರಾಕಿ ಮತ್ತು ಅದನ್ನು ತಪಾಸಿಸಬೇಕಾದ ಇಲಾಖೆಗಳ ಮೇಲೆ.