‘ಮೈ ಪ್ಲೇಸ್’: ಓದಿನ ನೆಪ ಮತ್ತು ಪುರಾವೆಯ ಪ್ರಶ್ನೆ

ಆಸ್ಟ್ರೇಲಿಯಾದ ಮೂಲನಿವಾಸಿ ಲೇಖಕಿ ಸ್ಯಾಲಿ ಮಾರ್ಗನ್ ಅವರ ‘ಮೈ ಪ್ಲೇಸ್’ (1987) ಕೃತಿಯನ್ನು ಬೇರುಗಳ ಶೋಧದ ಆತ್ಮಕಥನವೆಂದು ಓದುವುದು ವಾಡಿಕೆ. ಅದರಲ್ಲಿ ವಿಶ್ವವಿದ್ಯಾಲಯಕ್ಕೆ ಮೀಸಲಾದ ಪುಟಗಳು ಕೆಲವೇ. ಆದರೆ ಕೃತಿಯ ಮೂಲ ಬಿಕ್ಕಟ್ಟು ಆ ಪುಟಗಳಲ್ಲಿಯೇ ಸ್ಫುಟಗೊಂಡಿದೆ ಎಂಬುದು ಪ್ರಸ್ತುತ ಲೇಖನದ ವಾದ.

ಪರ್ತ್ ನಗರದಲ್ಲಿ ಬೆಳೆದ ಸ್ಯಾಲಿಗೆ ತನ್ನ ಮೂಲ ತಿಳಿದಿರಲಿಲ್ಲ. ಯಾರಾದರೂ ಕೇಳಿದರೆ ತಾವು ಭಾರತೀಯರೆಂದು ಹೇಳುವಂತೆ ತಾಯಿ ಗ್ಲ್ಯಾಡಿಸ್ ಮಕ್ಕಳಿಗೆ ಕಲಿಸಿದ್ದಳು. ನಮ್ಮ ಹೆಸರು ಹೀಗೆ ಇನ್ನೊಬ್ಬರಿಗೆ ಮರೆಯಾಗಿ ಒದಗಿದ್ದು ವಿಚಿತ್ರವೇ ಸರಿ! ಮೂಲನಿವಾಸಿ ಮಕ್ಕಳನ್ನು ಸರ್ಕಾರವೇ ಕುಟುಂಬಗಳಿಂದ ಕಿತ್ತೊಯ್ಯುತ್ತಿದ್ದ ನಾಡಿನಲ್ಲಿ ಆ ಸುಳ್ಳು ಒಂದು ಕಾವಲು. ಗ್ಲ್ಯಾಡಿಸಳೂ ತಾಯಿಯಿಂದ ಬೇರ್ಪಟ್ಟು ಮಕ್ಕಳ ಆಶ್ರಮದಲ್ಲಿ ಬೆಳೆದವಳು. ನಿಜ ತಿಳಿದ ಮೇಲೆ, ವೆಸ್ಟರ್ನ್ ಆಸ್ಟ್ರೇಲಿಯಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಯಾಗಿದ್ದ ಸ್ಯಾಲಿ ಮೂಲನಿವಾಸಿಗಳ ವಿದ್ಯಾರ್ಥಿವೇತನ ಪಡೆಯುತ್ತಾಳೆ. ಆಕೆ ಸುಳ್ಳು ಹೇಳಿ ಹಣ ಪಡೆದಳೆಂದು ದೂರು ಹೋಗುತ್ತದೆ. ಶಿಕ್ಷಣ ಇಲಾಖೆ ಆಕೆಯನ್ನು ಕರೆಸಿ ವಿಚಾರಿಸುತ್ತದೆ. ಮೂಲವನ್ನು ಮರೆಮಾಚುವುದು ಅನಿವಾರ್ಯವಾಗುವಂತೆ ಮಾಡಿದ್ದ ಪ್ರಭುತ್ವವೇ ಈಗ ಪುರಾವೆ ಕೇಳುತ್ತಿದೆ. ನಮ್ಮಲ್ಲಿ ಸಿಂಧುತ್ವ ಪ್ರಮಾಣಪತ್ರಕ್ಕಾಗಿ ಕಚೇರಿಗಳ ಮುಂದೆ ಕಾದವರಿಗೆ ಈ ದೃಶ್ಯ ಅಪರಿಚಿತವಲ್ಲ. ಮಾರ್ಗನ್ ಅವರ ಪ್ರಾಮಾಣಿಕತೆ ಕಾಣುವುದು ಮುಂದಿನ ಭಾಗದಲ್ಲಿ: ಕಚೇರಿಯಿಂದ ಹೊರಬಂದ ಸ್ಯಾಲಿ ತನ್ನನ್ನು ತಾನೇ ಸಂಶಯಿಸುತ್ತಾಳೆ. ಆ ಬದುಕನ್ನು ಬದುಕದ ತನಗೆ ಆ ಹೆಸರಿನ ಮೇಲೆ ಹಕ್ಕಿದೆಯೇ?

1992ರಲ್ಲಿ ಇತಿಹಾಸಕಾರ ಬೈನ್ ಅಟ್‌ವುಡ್, ಮಾರ್ಗನ್ ಅವರ ಮೂಲನಿವಾಸಿ ಅಸ್ಮಿತೆಯು ಬರವಣಿಗೆಯ ಮೂಲಕವೇ ರಚಿತವಾದುದೆಂದು ವಾದಿಸಿದರು. ಸೈದ್ಧಾಂತಿಕವಾಗಿ ಈ ವಾದವನ್ನು ಅಲ್ಲಗಳೆಯುವುದು ಸುಲಭವಲ್ಲ. ಆದರೂ ಅಧಿಕಾರಿಯ ಪ್ರಶ್ನೆಯೇ ಇಲ್ಲಿ ವಿದ್ವತ್ತಿನ ಪರಿಭಾಷೆಯಲ್ಲಿ ಮರಳಿ ಬಂದಂತೆ ತೋರುತ್ತದೆ. ಪುರಾವೆ ಏಕೆ ಇಲ್ಲವಾಯಿತು ಎಂಬ ಮೊದಲ ಪ್ರಶ್ನೆ ಎರಡು ಕಡೆಯೂ ಹಿಂದೆ ಸರಿದಿದೆ.

ಆ ಪ್ರಶ್ನೆಗೆ ಉತ್ತರ ಕೃತಿಯ ಕೊನೆಯ ಮೌಖಿಕ ಕಥನದಲ್ಲಿದೆ. ಸ್ಯಾಲಿಯ ಅಜ್ಜಿ ಡೈಸಿಯನ್ನು ಉತ್ತರದ ಕೊರುನ್ನಾ ಡೌನ್ಸ್ ಪಶುಪಾಲನಾ ನೆಲೆಯಿಂದ ಪರ್ತ್‌ಗೆ ಕರೆತಂದದ್ದು ಶಾಲೆಗೆ ಸೇರಿಸುವ ನೆಪದಲ್ಲಿ. ಆಕೆಯ ತಾಯಿಗೆ ಹೇಳಿದ್ದೂ ಅದನ್ನೇ. ಆದರೆ ಡೈಸಿಗೆ ದೊರೆತದ್ದು ಬಿಳಿಯ ಒಡೆಯರ ಮನೆಗೆಲಸ; ಓದುಬರಹ ಕೊನೆಗೂ ದಕ್ಕಲಿಲ್ಲ. ಓದಿನ ಹೆಸರಿನಲ್ಲಿ ತಾಯಿಯಿಂದ ಅಗಲಿಸಲ್ಪಟ್ಟವಳ ಮೊಮ್ಮಗಳು, ಓದಿಗೆಂದು ಪಡೆದ ಹಣಕ್ಕಾಗಿ ಮೂಲವನ್ನು ರುಜುವಾತುಪಡಿಸಬೇಕಾಗುತ್ತದೆ. ಡೈಸಿಯ ಕಥನವನ್ನು ಕೊನೆಗಿರಿಸಿದ ಕಾರಣ, ವಿಚಾರಣೆಯ ಪುಟಗಳಿಗೆ ಓದುಗರು ಮತ್ತೆ ಹಿಂದಿರುಗಬೇಕಾಗುತ್ತದೆ. ಮೊಮ್ಮಗಳ ಧ್ವನಿಮುದ್ರಣ ಯಂತ್ರಕ್ಕೂ ಡೈಸಿ ಎಲ್ಲವನ್ನೂ ಒಪ್ಪಿಸುವುದಿಲ್ಲ. ಕೆಲವು ಗುಟ್ಟುಗಳನ್ನು ತನ್ನಲ್ಲಿಯೇ ಉಳಿಸಿಕೊಳ್ಳುತ್ತಾಳೆ.